ಮೊಡವೆಗೆ ನಿಂಬೆರಸ, ಟೂತ್‌ಪೇಸ್ಟು

ಕೇಳ್ರಪ್ಪಾ, ಇವತ್ತು ಮನೆಯಲ್ಲಿ ಗೆದ್ದವಳು ನಾನೇ.

ಮೊಮ್ಮಗಳ ಮೊಡವೆಗೆಂದು ನನ್ನ ನಾದಿನಿ ಬೆಳಿಗ್ಗೆ ಮತ್ತೆ ನಿಂಬೆರಸದಲ್ಲಿ ಟೂತ್‌ಪೇಸ್ಟ್ ಕಲಸಿ ತಂದಳು. ನಿನ್ನೆ ಬಳಿದಿದ್ದಕ್ಕೇ ಕೆನ್ನೆಯೆಲ್ಲ ಕೆಂಪಾಗಿ, ಹುಡುಗಿ ಕಾಲೇಜಿಗೆ ಹೋಗುವುದಿಲ್ಲವೆಂದು ಅಳುತ್ತಿದ್ದಳು.

"ಉರಿದ್ರೇನೇ ವಾಸಿಯಾಗೋದು ಕಣತ್ತಿಗೆ" ಎಂದಳು ನಾದಿನಿ.

"ಲೇ, ಅಸು ಕೆಚ್ಚಲಲ್ಲಿ ಗುಳ್ಳೆ ಎದ್ದಾಗ ಇದನ್ನ್ಯಾಕೆ ಬಳೀಲಿಲ್ಲ? ಡಾಕ್ಟ್ರ ತಾವ ಓಡೋದ್ಯಲ್ಲಾ?"

"ಆಲು ಕೆಟ್ರೆ ಡೈರೀಲಿ ತಕ್ಕಳಲ್ಲ!"

"ಅಂಗಾದ್ರೆ ನಮ್ಮುಡುಗಿ ಮುಖ ಅಸು ಕೆಚ್ಚಲಿಗಿಂತ ಕಡಿಮೇನಾ?" ಎಂದು ಬಟ್ಟಲು ಕಿತ್ತುಕೊಂಡು ಬಚ್ಚಲಿಗೆ ಸುರಿದೆ.

ಮೊಮ್ಮಗಳನ್ನು ರಾಬರ್ಟ್‌ಸನ್‌ಪೇಟೆಯ ಚರ್ಮದ ಡಾಕ್ಟರಿಗೆ ತೋರಿಸಿದೆ. "ನಿಂಬೆ, ಪೇಸ್ಟು ಮುಖಕ್ಕೆ ಬಳಿಯಬೇಡಿ, ಚರ್ಮ ಸುಡುತ್ತೆ" ಎಂದು ಗದರಿ ಮುಲಾಮು ಬರೆದುಕೊಟ್ಟರು. ನಾಳೆ ಹುಡುಗಿ ಕಾಲೇಜಿಗೆ ಹೋಗುತ್ತಾಳೆ.

ನಾದಿನಿ ಸಂಜೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆ ಮುಲಾಮಿನಿಂದ ನನ್ನ ಕಿವಿಗೂ ಗುಣವಾಯಿತು.