ಎತ್ತಿಕೊಳ್ಳದ ಟೀಚರಮ್ಮ

ಕಳೆದ ಮಂಗಳವಾರ ಹನೂರಿನಿಂದ ಕೊಳ್ಳೇಗಾಲಕ್ಕೆ ಬರುವ ಬಸ್ಸಿನಲ್ಲಿ ಯಾರೋ ನಮ್ಮ ಸೀಟಿನ ಪಕ್ಕ ರೇಷ್ಮೆಗೂಡಿನ ಚೀಲ ಇಟ್ಟರು. ಬಾಡಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಜೊತೆಗೆ ಸ್ವಲ್ಪ ಸುಣ್ಣದ ವಾಸನೆ. ತಂಗಿ ದುಪಟ್ಟಾವನ್ನು ಮೂಗಿಗೊತ್ತಿಕೊಂಡು ಎದ್ದು ಹಿಂದಿನ ಸೀಟಿಗೆ ಹೋದಳು. ನನಗೆ ನಮ್ಮೂರಿನ ಅಂಗನವಾಡಿ ಟೀಚರಮ್ಮ ನೆನಪಾದರು.

ಆಗ ನಾವು ಕಾಮಗೆರೆ ಹತ್ತಿರದ ಊರಿನಲ್ಲಿದ್ದೆವು. ಅಂಗನವಾಡಿಯಲ್ಲಿ ಅಂಗಡಿಯಿಂದ ತಂದ ಆಟದ ಸಾಮಾನು ಹೆಚ್ಚಿರಲಿಲ್ಲ. ಟೀಚರಮ್ಮನೇ ಹೊಂಗೆಕಾಯಿ, ಹುಣಸೆಬೀಜ, ತೆಂಗಿನ ಚಿಪ್ಪು, ಜೋಳದ ದಂಟು ಆರಿಸಿ ತರುತ್ತಿದ್ದರು. ದಂಟಿನಿಂದ ಅವರು ಮಾಡುತ್ತಿದ್ದ ಗಾಡಿಯ ಚಕ್ರ ನಿಜವಾಗಿಯೂ ತಿರುಗುತ್ತಿತ್ತು. ನಾನು ಐದನೇ ಕ್ಲಾಸು, ತಂಗಿಗೆ ಮೂರು ವರ್ಷ. ನಾನು ಅವಳನ್ನು ಬಿಡಲು ಹೋದರೆ ಟೀಚರಮ್ಮ ಬಾಗಿಲಲ್ಲೇ ಎತ್ತಿ ಸೊಂಟಕ್ಕೆ ಹಾಕಿಕೊಳ್ಳುತ್ತಿದ್ದರು. ಇಳಿಸಿದರೆ ಅಳು…

ಆ ವರ್ಷ ತಂಗಿಗೆ ಕಣ್ಣು ಊದುವುದು, ಮೈಮೇಲೆ ದದ್ದು, ಆಮೇಲೆ ಉಬ್ಬಸ ಶುರುವಾಯಿತು. ಡಾಕ್ಟರು ಔಷಧಿ ಕೊಟ್ಟು, ಇದು ಅಲರ್ಜಿ, ಯಾವುದರಿಂದ ಬರುತ್ತದೆಂದು ನೀವೇ ಗಮನಿಸಿ ಎಂದರು. ಉಬ್ಬಸ ಬಂದ ದಿನಕ್ಕೆ ನಾನು ಕ್ಯಾಲೆಂಡರಿನಲ್ಲಿ ಇಂಟು ಹಾಕತೊಡಗಿದೆ. ಗುರುತು ಹಾಕುವ ಚಟ ಹತ್ತಿದ್ದು ಅಲ್ಲಿಂದಲೇ.

ಅವ್ವ ಒಂದು ದಿನ ಅಂಗನವಾಡಿಗೇ ಹೋದಳು. "ಮರದಡೀಲಿ ಬಿದ್ದಿರದ್ನೆಲ್ಲ ತಂದು ಮಕ್ಕಳ ಕೈಗ್ ಕೊಡ್ತೀರಲ್ಲ ಟೀಚರಮ್ಮ, ನನ್ ಕೂಸು ಉಸ್ರು ಕಟ್ಕಂಡ್ರೆ ಏನ್ ಗತಿ? ನಾಳಿಂದ ಒಲಕ್ಕೇ ಕರ್ಕಂಡೋಯ್ತೀನಿ."

"ಒಲದಲ್ಲಿ ಧೂಳಿಲ್ವೇನವ್ವ? ವಸಿ ತಡಿ. ಒಂದೊಂದೇ ತೆಗ್ದು ನೋಡಾಣ" ಎಂದರು ಟೀಚರಮ್ಮ.

ಮೊದಲು ಹೊಂಗೆಕಾಯಿ ಚೀಲ ಸೇರಿ ಅಟ್ಟಕ್ಕೆ ಹೋಯಿತು. ಮುಂದಿನ ವಾರ ಜೋಳದ ದಂಟು. ಆಮೇಲೆ ಹುಣಸೆಬೀಜ, ಚಿಪ್ಪು… ಇಂಟುಗಳು ಮಾತ್ರ ನಿಲ್ಲಲಿಲ್ಲ. ಒಬ್ಬ ಪುಟ್ಟ ಹುಡುಗ ನನ್ನನ್ನೇ ತಡೆದು, "ನಿನ್ ತಂಗಿ ಸೀನುದ್ಲು, ನಮ್ ಗಾಡಿ ಓಯ್ತು" ಎಂದು ಮುಖ ಊದಿಸಿದ.

ಆಮೇಲೆ ಟೀಚರಮ್ಮ ಟ್ರೈನಿಂಗ್ ಎಂದು ಒಂದು ವಾರ ಕೊಳ್ಳೇಗಾಲಕ್ಕೆ ಹೋದರು. ಮಕ್ಕಳ ಗಲಾಟೆ ತಾಳಲಾರದೆ ಅಡುಗೆಯ ಆಯಮ್ಮ ಅಟ್ಟದ ಚೀಲಗಳನ್ನೆಲ್ಲ ಸುರಿದುಬಿಟ್ಟಳು. ತಂಗಿ ಅದರಲ್ಲೇ ಹೊರಳಾಡಿದಳು. ಆ ವಾರ ಒಂದು ಇಂಟೂ ಬೀಳಲಿಲ್ಲ. ಸೋಮವಾರ ಟೀಚರಮ್ಮ ಬಂದರು, ತಂಗಿ ಓಡಿಹೋಗಿ ಸೊಂಟ ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಊದಿತ್ತು.

ಅವ್ವ ಕರೆದುಕೊಂಡು ಬರಲು ಹೋದಾಗ ನಾನೂ ಇದ್ದೆ. ಟೀಚರಮ್ಮ ಸೆರಗು ಬಿಗಿಯಾಗಿ ಸುತ್ತಿಕೊಂಡು ದೂರ ನಿಂತಿದ್ದರು.

"ಮನೇಲಿ ರೇಷ್ಮೆ ಉಳ ಮೇಯಿಸ್ತೀನಲ್ಲವ್ವ… ಬೆಳಿಗ್ಗೆ ಉಳದ ತಟ್ಟೆ ಕೊಡವಿ ಅದೇ ಸೀರೇಲಿ ಬತ್ತೀನಿ. ಒಂಗೆಕಾಯ್ನ ಬೈದೆ, ಜೋಳ್ದ ದಂಟ್ನ ಬೈದೆ, ನನ್ನ ನಾನು ನೋಡ್ಕಳ್ಲಿಲ್ಲ."

"ಅಂಗಾರೆ ಟೀಚರಮ್ಮನ್ನೇ ಅಟ್ಟಕ್ಕಾಕ್ಬೇಕಾಗಿತ್ತು" ಎಂದಳು ಆಯಮ್ಮ. ಯಾರೂ ನಗಲಿಲ್ಲ.

ಹುಳ ಅವರ ಮನೆಯ ಅನ್ನ, ಬಿಡುವ ಹಾಗಿರಲಿಲ್ಲ. ಅವರು ಅಂಗನವಾಡಿಯಲ್ಲೇ ಬೇರೆ ಸೀರೆ ಇಟ್ಟುಕೊಂಡರು, ಬಂದವರೇ ಕೈಕಾಲು ತೊಳೆದು ಉಟ್ಟುಕೊಳ್ಳುತ್ತಿದ್ದರು. ಆದರೂ ತಲೆಗೂದಲಲ್ಲಿ ಏನಿದೆಯೋ ಎಂಬ ಅಂಜಿಕೆ. ಮತ್ತೆ ತಂಗಿಯನ್ನು ಎತ್ತಿಕೊಳ್ಳಲಿಲ್ಲ. ಎಲ್ಲರಿಗಿಂತ ದೊಡ್ಡ ಗಾಡಿ ಅವಳಿಗೇ ಮಾಡಿ ದೂರದಿಂದ ತಳ್ಳುತ್ತಿದ್ದರು. ಅವಳು ಕೆಲವು ದಿನ ಅತ್ತಳು. ಆಮೇಲೆ ಅವರ ಹತ್ತಿರ ಹೋಗುವುದನ್ನೇ ಬಿಟ್ಟಳು. ಉಬ್ಬಸವೂ ನಿಂತಿತು.

ನಾನೂ ಹಿಂದಿನ ಸೀಟಿಗೆ ಹೋಗಿ ತಂಗಿಯ ಪಕ್ಕ ಕೂತು, ಅಂಗನವಾಡಿ ಟೀಚರಮ್ಮ ನೆನಪಿದ್ದಾರಾ ಎಂದು ಕೇಳಿದೆ.

"ನನ್ನೊಬ್ಬಳ್ನೇ ಎತ್ಕಳ್ತಿರ್ಲಿಲ್ವಲ್ಲ, ಅವ್ರಾ? ನನ್ ಕಂಡ್ರೆ ಆಗ್ತಿರ್ಲಿಲ್ಲ ಅವ್ರಿಗೆ."

ಅವಳಿಗೆ ಅಷ್ಟು ನೆನಪಿರಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಟೀಚರಮ್ಮ ತೀರಿಕೊಂಡು ಎರಡು ವರ್ಷವಾಗಿದೆ. ಮಣ್ಣು ಮಾಡುವ ದಿನ ಅವ್ವ ಮತ್ತು ನಾನು ಹೋಗಿಬಂದಿದ್ದೆವು.

"ಅವತ್ತು ಮಣ್ಣಿಗೆ ಬಾ ಅಂತ ಕರೆದ್ರಿ ಅಕ್ಕ" ಎಂದಳು. "ನಾನ್ಯಾಕ್ ಬರ್ಲಿ ಅಂದಿದ್ದೆ."