ಇಲ್ಲದ ಅಂಗಡಿಯ ಯಜಮಾನರು

ನಮ್ಮ ಯಜಮಾನರು ಗುತ್ತೂರಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡಿಗೆ ಮಾಡುತ್ತಿದ್ದರು. ಮನೆ ಹರಿಹರದಲ್ಲಿ. ಸೈಕಲ್ ಮೇಲೆ ಹೋಗಿ ಬರುತ್ತಿದ್ದರು. ಮಾತು ಕಡಿಮೆ, ಹಠ ಜಾಸ್ತಿ. ಸ್ವಂತಕ್ಕೊಂದು ಖಾನಾವಳಿ ಇಡಬೇಕೆಂಬ ಆಸೆ ಇತ್ತು.

ಆ ಆಸೆಯಿಂದಲೇ ಕೆಟ್ಟರು. ಕಾರ್ಖಾನೆ ಗೇಟಿನ ಹತ್ತಿರ ಇಬ್ಬರು ಬಂದು, ಖಾನಾವಳಿಗೆ ಸಾಲ ಕೊಡಿಸುತ್ತೇವೆ ಎಂದು ಆಧಾರ್, ಪ್ಯಾನ್ ಕಾರ್ಡಿನ ಫೋಟೋ ಹೊಡೆದುಕೊಂಡರು. ಮೊಬೈಲಿಗೆ ಬಂದ ಓಟಿಪಿಯನ್ನು ಇವರೇ ಓದಿ ಹೇಳಿದರು. ಸಾಲ ಬರಲಿಲ್ಲ. ಅವರೂ ಮತ್ತೆ ಬರಲಿಲ್ಲ.

ಮರುವರ್ಷ ನನ್ನ ಗೃಹಲಕ್ಷ್ಮಿ ದುಡ್ಡು ನಿಂತಿತು. ರೇಷನ್ ಕಾರ್ಡೂ ರದ್ದಾಯಿತು. ಆಫೀಸಿಗೆ ಹೋಗಿ ವಿಚಾರಿಸಿದರೆ, ನಿಮ್ಮ ಯಜಮಾನರು ಜಿಎಸ್‌ಟಿ ಕಟ್ಟುವವರು, ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಅವರ ಕಬ್ಬಿಣದ ಅಂಗಡಿ ಇದೆ ಎಂದರು. ಇವರ ಹೆಸರನ್ನೇ ಇಟ್ಟು ಹಾಲೇಶಪ್ಪ ಟ್ರೇಡರ್ಸ್ ಅಂತ ಮಾಡಿದ್ದರು; ಕಾರ್ಡಿನ ಫೋಟೋ ಹೊಡೆದುಕೊಂಡವರದೇ ಕೆಲಸ.

ಪಕ್ಕದ ಮನೆಯ ಗುಲ್ನಾಜ್ ನಕ್ಕಳು. "ಏನ್ ಸಾವ್ಕಾರ್ರೆ, ಇವತ್ತು ಅಂಗಡಿ ತೆಗಿಲಿಲ್ಲೇನು?"

"ಗಿರಾಕಿ ಇಲ್ಲವ್ವ. ನೀನೇ ಬಾ, ಒಂದ್ ಕೆಜಿ ಮೊಳೆ ಕೊಡ್ತೀನಿ."

ಆದರೆ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಆ ಅಂಗಡಿ ನೋಡಲು ಹೋದರು. ಆ ನಂಬರಿನಲ್ಲಿ ಇದ್ದದ್ದು ಯಾರದೋ ಮನೆ. ಬಾಗಿಲಲ್ಲಿ ರಂಗೋಲಿ. ಮನೆಯಾಕೆ ಕುಡಿಯಲು ನೀರು ಕೊಟ್ಟಳು. ಕುಡಿದು ವಾಪಸು ಬಸ್ಸು ಹತ್ತಿದೆವು.

ಆಮೇಲೆ ದಾವಣಗೆರೆ ಮಂಡಿಪೇಟೆಯ ಕಬ್ಬಿಣದ ವ್ಯಾಪಾರಿ ಕೊಟ್ಟೂರೇಶ್ ನಮ್ಮ ಮನೆ ಹುಡುಕಿಕೊಂಡು ಬಂದರು. ಆ ಹೆಸರಿನ ಬಿಲ್ ನಂಬಿ ಮಾಲು ತೆಗೆದುಕೊಂಡು, ಬಿಲ್ಲಿನಲ್ಲೇ ತೆರಿಗೆಯನ್ನೂ ಕೊಟ್ಟಿದ್ದರಂತೆ. ಅದು ಸರ್ಕಾರಕ್ಕೆ ಮುಟ್ಟಿಲ್ಲ, ನೀವೇ ಇನ್ನೊಮ್ಮೆ ಕಟ್ಟಿ ಎಂದು ಅವರಿಗೆ ನೋಟಿಸು. ಬೈಯಲೆಂದೇ ಬಂದವರು. ಇವರು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು.

"ಹಾಲೇಶಪ್ಪ ಟ್ರೇಡರ್ಸ್ ಯಜಮಾನ್ರು ನೀವೇ ಏನ್ರಿ?"

"ಹಾಲೇಶಪ್ಪ ಹೌದ್ರಿ. ಟ್ರೇಡರ್ಸ್ ಅಲ್ಲ."

ಅವರು ಮೇಲಿನ ತಗಡು ನೋಡಿದರು, ಒಲೆ ನೋಡಿದರು. "ನಿಮ್ ಹೆಸರು ನಂಬಿ ನಾ ಕೆಟ್ಟೆ ನೋಡ್ರಿ."

"ನನ್ ಹೆಸರಿಂದ ನಾನೂ ಕೆಟ್ಟೀನಿ. ಕೂಡ್ರಿ, ಊಟ ಮಾಡ್ರಿ."

ಉಂಡರು. ಕೈ ತೊಳೆದು, ತಮಗೆ ಗೊತ್ತಿರುವ ಆಡಿಟರ್ ಆಫೀಸಿನ ವಿಳಾಸ ಹೇಳಿ ಹೋದರು.

ಆ ಆಫೀಸಿನ ಸಂತೋಷ ಎಂಬ ಹುಡುಗ, ಅಂಗಡಿ ಮುಚ್ಚಿದ್ದೇನೆ ಎಂದು ಅರ್ಜಿ ಕೊಟ್ಟರೆ ಬೇಗ ಮುಗಿಯುತ್ತದೆ ಎಂದ. ಇವರು ಒಪ್ಪಲಿಲ್ಲ.

"ಮುಚ್ಚೀನಿ ಅಂದ್ರೆ ತೆಗೆದಿದ್ದೆ ಅಂದಂಗಾತು. ಅದು ನಂದಲ್ಲ."

ಪೊಲೀಸರಿಗೆ ದೂರು ಕೊಟ್ಟರು. ಬರೆದುಕೊಂಡರು, ಅಷ್ಟೇ.

ಯುಗಾದಿ ಕಳೆದ ಮೇಲೆ ಒಂದು ದಿನ ಕ್ಯಾಂಟೀನಿನಲ್ಲಿ ಎದೆ ಹಿಡಿದುಕೊಂಡು ಬಿದ್ದರು. ಮತ್ತೆ ಏಳಲಿಲ್ಲ. ಆ ಅಂಗಡಿಯಿಂದಲೇ ಸತ್ತರು ಎಂದು ನಾನು ಹೇಳುವುದಿಲ್ಲ. ಬಿಪಿ ಮೊದಲೇ ಇತ್ತು. ನಿದ್ದೆ ಮಾತ್ರ ಆ ಅಂಗಡಿ ಬಂದ ಮೇಲೆ ಹೋದದ್ದು. ಗುಲ್ನಾಜ್ ಬಾಗಿಲಲ್ಲಿ ನಿಂತು, ಸಾವ್ಕಾರ್ರೇ ಅಂದು ಅತ್ತಳು.

ಅವರು ಹೋದರೂ ಅಂಗಡಿ ಹೋಗಲಿಲ್ಲ. ಹೊಸ ರೇಷನ್ ಕಾರ್ಡ್ ಕೇಳಿದರೆ ಅದೇ ಅಡ್ಡ. ಮತ್ತೆ ಸಂತೋಷನ ಹತ್ತಿರ ಹೋದೆ.

"ವಾರಸುದಾರರು ಅಂತ ನೀವು ಸೈನ್ ಮಾಡ್ರಿ ಅಮ್ಮ. ಅಂಗಡಿ ಕ್ಲೋಸ್ ಆಗ್ತೈತೆ. ಆಮೇಲೆ ಕಾರ್ಡಿಗೆ ಹಾಕ್ಬೋದು."

"ಅಂಗಡಿ ಇರಲೇ ಇಲ್ಲ ಅಂತ ಬರಿಯಪ್ಪ."

"ಹಂಗ್ ಬರಿಯಾಕೆ ಇದ್ರಾಗೆ ಜಾಗ ಇಲ್ಲಮ್ಮ. ಯಜಮಾನ್ರ ಹೆಸರು ಹೇಳ್ರಿ."

ಮದುವೆಯಾದಾಗಿನಿಂದ ನಾನು ಅವರ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಅವತ್ತು ಆಡಿದೆ.

"ಹಾಲೇಶಪ್ಪ."

"ಟ್ರೇಡರ್ಸ್ ಸೇರಿಸಿ ಹೇಳ್ರಿ."

"ಬರೇ ಹಾಲೇಶಪ್ಪ," ಅಂದೆ. ಸೈನ್ ಮಾಡದೆ ಪೆನ್ನು ಮೇಜಿನ ಮೇಲಿಟ್ಟು ಎದ್ದೆ.

ಈ ತಿಂಗಳೂ ಅಕ್ಕಿಯನ್ನು ದುಡ್ಡು ಕೊಟ್ಟು ಕಿರಾಣಿ ಅಂಗಡಿಯಿಂದಲೇ ತಂದಿದ್ದೇನೆ.