ನನ್ನ ಕೈಯ ಮೇಲೆ ಬಂದ ದೂರು

ಭಾನುವಾರ ಬೆಳಿಗ್ಗೆ ಏಳೂವರೆಗೆ ಪದ್ಮನಾಭನಗರದ ಒಂದು ಟ್ಯೂಷನ್ ಮನೆಯ ಮಹಡಿಯಲ್ಲಿ ನಮ್ಮ ಸುಗಮ ಸಂಗೀತ ತಂಡದ ಅಭ್ಯಾಸ. ನಾನು ಏಳೂಕಾಲಿಗೇ ಹೋಗಿ ಕೀಬೋರ್ಡನ್ನು ಚೀಲದಿಂದ ತೆಗೆದು, ಸ್ಟ್ಯಾಂಡಿನ ಎತ್ತರ ಸರಿಮಾಡಿ, ತಂತಿಗಳನ್ನು ಸಿಕ್ಕಿಸಿ ಕೂತಿರುತ್ತಿದ್ದೆ. ತಂಡದ ಯಜಮಾನರು ಎಂಟಕ್ಕೆ ಮೊದಲು ಬಂದದ್ದು ನಾನು ಕಾಣೆ. ಇದು ಎರಡು ಸಾವಿರದ ಇಸವಿಯ ಆಚೀಚೆಯ ಮಾತು.

ಆ ವರ್ಷ ರಾಮನವಮಿಗೆ ಜಯನಗರದ ಪೆಂಡಾಲೊಂದರಲ್ಲಿ ನಮಗೆ ಕಾರ್ಯಕ್ರಮ ಸಿಕ್ಕಿತ್ತು. ಅದಕ್ಕೆಂದು ಯಜಮಾನರು ಒಂದು ಸೌಂಡ್ ಮಾಡ್ಯೂಲ್ ತಂದರು. ಕೀಗಳಿಲ್ಲದ ಕಪ್ಪು ಪೆಟ್ಟಿಗೆ ಅದು. ನನ್ನ ಕೀಬೋರ್ಡಿನಿಂದ ಅದಕ್ಕೆ ಮಿಡಿ ತಂತಿ ಎಳೆದರೆ ಇಲ್ಲಿ ಒತ್ತಿದ ಸ್ವರ ಅಲ್ಲಿ ವೀಣೆಯಾಗಿಯೋ ಕೊಳಲಾಗಿಯೋ ಕೇಳುತ್ತದೆ.

ಮೊದಲ ದಿನವೇ ಎಡವಟ್ಟಾಯಿತು. ಜೋಗುಳವೊಂದರ ನಡುವೆ ಬರುವ ವೀಣೆಯ ತುಣುಕನ್ನು ಮೆಲ್ಲಗೆ ನುಡಿಸಿದೆ. ನಾಲ್ಕು ಸ್ವರಗಳಲ್ಲಿ ಎರಡು ಕೇಳಿಸಲೇ ಇಲ್ಲ.

"ವಯಸ್ಸಾಯ್ತಲ್ಲ ಸಾರ್, ಬೆರಳಲ್ಲಿ ದಮ್ ಇಲ್ಲ," ಎಂದರು ಯಜಮಾನರು, ಎಲ್ಲರ ಎದುರಿಗೆ. "ಬಾದಾಮಿ ಗೀದಾಮಿ ತಿನ್ನಿ."

ಹಾಡುವ ಹೆಂಗಸರು ನಕ್ಕರು. ಮುಂದಿನ ವಾರವೂ ಅದೇ ಕಥೆ. ಮೂರನೆಯ ಭಾನುವಾರ ತೀರ್ಪೇ ಬಂತು: "ಪ್ರೋಗ್ರಾಂಗೆ ನಮ್ಮ ಬಿಟಿಎಂ ಗುರುನ ಕೂರಿಸ್ತೀನಿ. ನೀವು ತಾಳ ಹಿಡ್ಕೊಳ್ಳಿ ಸಾರ್."

ಬಿಟಿಎಂನವರು ಎಂದರೆ ಬಾಗಲಕೋಟೆ ಕಡೆಯಿಂದ ಬಂದು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನಮ್ಮ ತಂಡದವರೇ. ಹಾರ್ಮೋನಿಯಂ ಕಲಿತು ಕೀಬೋರ್ಡಿಗೆ ಬಂದವರು. ಆ ದಿನ ಅವರು ಬಂದಿರಲಿಲ್ಲ.

ನನಗೆ ಯಜಮಾನರ ಮೇಲೆ ಎಷ್ಟು ಸಿಟ್ಟು ಬಂತೋ ಅದಕ್ಕಿಂತ ಹೆಚ್ಚು ನನ್ನ ಮೇಲೇ ಬಂತು. ಏಕೆಂದರೆ ಆ ಎರಡು ವಾರ ನಾನು ಅವರ ಮಾತು ನಂಬಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು, ಬೆರಳ ಗಿಣ್ಣು ಊದುವಷ್ಟು ಗಟ್ಟಿಯಾಗಿ ಕೀಗಳನ್ನು ಕುಟ್ಟಿದ್ದೆ. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಅಲ್ಲಿ ಅಳತೆಯ ಗೇಜನ್ನು ಪರೀಕ್ಷಿಸದೆ ಕೆಲಸಗಾರನ ಮೇಲೆ ತಪ್ಪು ಬರೆಯುವಂತಿರಲಿಲ್ಲ. ನನ್ನ ಕೈಗೆ ಅಷ್ಟು ನ್ಯಾಯವನ್ನೂ ನಾನು ಕೊಟ್ಟಿರಲಿಲ್ಲ.

ಒಂದು ವಾರಕ್ಕೆಂದು ಪೆಟ್ಟಿಗೆಯನ್ನು ಕೇಳಿ ಬನಶಂಕರಿಯಲ್ಲಿದ್ದ ನನ್ನ ಮನೆಗೆ ತಂದೆ. ಅದರ ಕೈಪಿಡಿಯ ಪ್ಲಾಸ್ಟಿಕ್ ಕವರನ್ನು ಯಾರೂ ಬಿಚ್ಚಿರಲಿಲ್ಲ. ಮೊದಲ ಪುಟದಿಂದ ಓದಿದೆ. ಕೀ ಎಷ್ಟು ವೇಗವಾಗಿ ಕೆಳಗಿಳಿಯಿತು ಎಂಬುದನ್ನು ಕೀಬೋರ್ಡು ಒಂದರಿಂದ ನೂರಿಪ್ಪತ್ತೇಳರ ಒಳಗಿನ ಒಂದು ಅಂಕಿಯಾಗಿ ಕಳಿಸುತ್ತದೆ. ಆ ಅಂಕಿಗೆ ಎಷ್ಟು ಸದ್ದು ಕೊಡಬೇಕೆಂದು ಪೆಟ್ಟಿಗೆ ತೀರ್ಮಾನಿಸುತ್ತದೆ. ಅದಕ್ಕೆ ಹಗುರ, ಸಾಧಾರಣ, ಭಾರ ಎಂದು ಮೂರು ಆಯ್ಕೆ; ಕೀಬೋರ್ಡಿನಲ್ಲೂ ಇಂಥವೇ ಮೂರು. ನಮ್ಮ ಪೆಟ್ಟಿಗೆ 'ಭಾರ'ದಲ್ಲಿ ಕೂತಿತ್ತು. ಮೆಲುವಾಗಿ ಒತ್ತಿದ್ದನ್ನು ಇನ್ನೂ ಕೆಳಗೆ ತುಳಿಯುತ್ತಿತ್ತು.

ಆತುರಪಟ್ಟು ಕೀಬೋರ್ಡ್, ಪೆಟ್ಟಿಗೆ ಎರಡನ್ನೂ 'ಹಗುರ'ಕ್ಕೆ ತಿರುಗಿಸಿದೆ. ಮುಟ್ಟಿದರೆ ಸಾಕು, ವೀಣೆ ಕಿರುಚಿತು. ಎರಡು ಕಡೆ ಒಟ್ಟಿಗೆ ಕೈ ಹಾಕಿದ್ದು ತಪ್ಪು. ಕೀಬೋರ್ಡನ್ನು 'ಸಾಧಾರಣ'ಕ್ಕೆ ಮರಳಿಸಿ, ಅದನ್ನು ಮತ್ತೆ ಮುಟ್ಟದೆ, ಪೆಟ್ಟಿಗೆಯದನ್ನು ಮಾತ್ರ ಬದಲಿಸುತ್ತಾ ಹೋದೆ. ಒಂದೊಂದು ಆಯ್ಕೆಗೂ ಹತ್ತು ಸಲ ಮೆಲ್ಲಗೆ, ಹತ್ತು ಸಲ ಗಟ್ಟಿಯಾಗಿ ಒತ್ತಿ, ಬಂದದ್ದನ್ನು ಹಾಳೆಯಲ್ಲಿ ಬರೆದೆ. ಪೆಟ್ಟಿಗೆಯೂ 'ಸಾಧಾರಣ'ಕ್ಕೆ ಬಂದಾಗ ಜೋಗುಳದ ನಾಲ್ಕೂ ಸ್ವರಗಳು ಕೇಳಿಸಿದವು.

ಭಾನುವಾರ ಎಲ್ಲರ ಎದುರು ಮೊದಲು 'ಭಾರ'ದಲ್ಲಿ, ಆಮೇಲೆ 'ಸಾಧಾರಣ'ದಲ್ಲಿ ನುಡಿಸಿ ತೋರಿಸಿದೆ. ಬಿಟಿಎಂನವರು ಮುಂದೆ ಬಂದು ಬಗ್ಗಿ ನೋಡಿದರು.

"ಅದು ನಾ ಇಟ್ಟದ್ರೀ ಅಣ್ಣಾರ. ಪೆಟ್ಟಿಗಿ ಮೊದಲು ನಮ್ಮ ರೂಮಿಗೆ ಬಂದಿತ್ತಲ್ಲ, ನನ್ನ ಕೈ ಭಾರ ಐತಿ ಅಂತ ಹಂಗ ಮಾಡಿದ್ದೆ. ಯಜಮಾನ್ರಿಗೆ ಹೇಳಿದ್ದೆನಲ್ರೀ, ನಿಮ್ಮ ಕೈಗೆ ತಕ್ಕಂಗ ತಿರುಗಿಸ್ಕೊಳ್ಳಾಕ ಹೇಳ್ರಿ ಅಂತ."

ನಾನು ಯಜಮಾನರ ಮುಖ ನೋಡಿದೆ.

"ಹೇಳಿದ್ರೇನೋ. ನೆನಪಿರ್ಲಿಲ್ಲ ಬಿಡಿ. ಈಗ ಸರಿಹೋಯ್ತಲ್ಲ, ಪ್ರೋಗ್ರಾಂಗೆ ನೀವೇ ಕೂತ್ಕೊಳ್ಳಿ."

"ಕೂರ್ತೀನಿ. ನನ್ನ ಬೆರಳಲ್ಲಿ ದಮ್ ಇಲ್ಲ ಅಂತ ಇವರೆಲ್ಲರ ಮುಂದೆ ಹೇಳಿದ್ರಿ. ಅದು ಸುಳ್ಳು ಅಂತಾನೂ ಇವರ ಮುಂದೇನೇ ಹೇಳಿ."

"ಅಯ್ಯೋ, ತಮಾಷೆಗಂದಿದ್ದು ಸಾರ್."

"ತಮಾಷೆಗೆ ನನ್ನ ಜಾಗ ಕಿತ್ಕೊಂಡ್ರಾ?"

ಅವರು ಕಾಫಿ ಲೋಟ ಕೆಳಗಿಟ್ಟರು. ಕೊನೆಗೆ ಯಜಮಾನರು ಕಿಟಕಿಯ ಕಡೆ ತಿರುಗಿಕೊಂಡು, "ಸಾರ್ ಕೈಯಲ್ಲಿ ದೋಷ ಇಲ್ಲ. ನಾನು ಪೆಟ್ಟಿಗೆ ನೋಡ್ಲಿಲ್ಲ," ಎಂದರು.

ಕಿಟಕಿಗೆ ಹೇಳಿದರೂ ಹೆಂಗಸರಿಗೆ ಕೇಳಿಸಿತ್ತು. ರಾಮನವಮಿಯಂದು ನಾನೇ ನುಡಿಸಿದೆ. ಚೆನ್ನಾಗಿತ್ತು ಎಂದು ಹೇಳಲು ಯಜಮಾನರು ಪಾನಕದ ಲೋಟ ಹಿಡಿದು ಬಂದರು. ಲೋಟ ತೆಗೆದುಕೊಂಡೆ. ಕುಡಿದು, ತಂತಿಗಳನ್ನು ಸುತ್ತತೊಡಗಿದೆ.